ಇನಾಸನ ಬಾಯಿಗೆ ಒಂದು ಮಾತು

ಹಳಿಯಾಳ,
ಫೆಬ್ರವರಿ ೩೦, ೨೩೮೧

ಕಾದಂಬರಿಕಾರ ಶ್ರೀಪಾದ ಹಿತ್ಲಳ್ಳಿಯವರಿಗೆ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡಿದ್ದೇವೆ. ನಿಮ್ಮ ಕಾಲದ ಕನ್ನಡ ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮುಗ್ಗರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಗದವನ್ನು ಹಿಂದಕ್ಕೆ ಕಳಿಸುವ ವಿದ್ಯೆ ನಮಗೆ ಬಂದಿದೆ, ಮನುಷ್ಯರನ್ನು ಕಳಿಸುವುದು ಇನ್ನೂ ಬಂದಿಲ್ಲ. ಬಂದಿದ್ದರೆ ನಾನೇ ನಿಮ್ಮ ಮನೆ ಜಗಲಿಯಲ್ಲಿ ಬಂದು ಕೂರುತ್ತಿದ್ದೆ.

ನಮ್ಮಲ್ಲಿ ಮರುಕಟ್ಟೆ ಎಂಬ ಪದ್ಧತಿ ಇದೆ. ಹಳೆಯ ಕಾದಂಬರಿಗಳಲ್ಲಿ ಅನ್ಯಾಯವಾಗಿ ಶಿಕ್ಷೆಯಾದವರ ಮೊಕದ್ದಮೆಯನ್ನು ಊರವರೆಲ್ಲ ಕೂತು ಮತ್ತೆ ನಡೆಸುತ್ತೇವೆ. ದೂರದವರು ಬುತ್ತಿ ಕಟ್ಟಿಕೊಂಡು ಗಾಳಿದೋಣಿಯಲ್ಲಿ ಬರುತ್ತಾರೆ, ಅಂದರೆ ರಸ್ತೆಯೇ ಬೇಡದ ನಿಮ್ಮ ಬಸ್ಸು. ಹೊಸ ನ್ಯಾಯಾಧೀಶರು ಇಲ್ಲಿ ಒಂದು ತೀರ್ಪು ಕೊಟ್ಟ ಮೇಲೆಯೇ ಬದುಕಿರುವವರ ನ್ಯಾಯಕ್ಕೆ ಕೂರಬಹುದು. ಆರೋಪಿಯ ಜಾಗದಲ್ಲಿ ನಿಂತು ಮಾತಾಡುವವಳು ದನಿಗಾರ್ತಿ. ಪುಸ್ತಕದಲ್ಲಿ ಅವನು ಆಡಿದ್ದಕ್ಕಿಂತ ಒಂದಕ್ಷರ ಹೆಚ್ಚು ಆಡುವ ಹಾಗಿಲ್ಲ. ಆರೋಪಿಯ ಸ್ವಂತ ಮಾತು ಕೇಳದೆ ಬಿಡುಗಡೆಯೂ ಇಲ್ಲ. ಈ ವರ್ಷ ನಿಮ್ಮ ಕಾದಂಬರಿಯ ಸರದಿ ಬಂತು. ತೇಗದ ದಿಮ್ಮಿ ಕದ್ದನೆಂದು ಜೈಲಿಗೆ ಹೋದ ಇನಾಸ್ ಸಿದ್ದಿಗೆ ನಾನು ದನಿಗಾರ್ತಿ.

ಮೊದಲು ನಾವೊಂದು ಪೆದ್ದುತನ ಮಾಡಿದೆವು. ಸಾಕ್ಷಿದಾರ ಕಂಡದ್ದು ಗುಂಗುರು ಕೂದಲನ್ನು ಮಾತ್ರ, ಮುಖವನ್ನಲ್ಲ, ಅಷ್ಟಕ್ಕೇ ಶಿಕ್ಷೆಯಾಗಿದೆ. ಹಾಗಾದರೆ ಗುಂಗುರು ಕೂದಲಿರುವುದೇ ಅಪರಾಧವಿತ್ತೇನೋ ಎಂದು ನಿಮ್ಮ ಕಾಲದ ಕಾನೂನು ಪುಸ್ತಕಗಳನ್ನೆಲ್ಲ ಜಾಲಾಡಿದೆವು. ಅಂಥ ಕಲಮೇ ಸಿಗಲಿಲ್ಲ. "ನಿನ್ನ ದೇಶ ಯಾವುದು?" ಎಂದು ಪೊಲೀಸರು ಇನಾಸನನ್ನು ಮತ್ತೆ ಮತ್ತೆ ಕೇಳುವುದೇಕೆಂದೂ ತಿಳಿಯಲಿಲ್ಲ. ಸಿದ್ದಿಗಳ ಮೂಲ ಆಫ್ರಿಕಾ ನಿಜ, ಆದರೆ ಇನಾಸನ ಮುತ್ತಜ್ಜನೂ ಹಳಿಯಾಳದ ಕಾಡಿನಲ್ಲೇ ಹುಟ್ಟಿದವನಲ್ಲವೇ? ಕೊನೆಗೆ ನನ್ನಜ್ಜಿ ಬಿಡಿಸಿ ಹೇಳಿದಳು: "ಕಾನೂನಿನ್ಯಾಗ ಯಾರ್ ಬರೀತಾರ ಯವ್ವಾ, ಅದು ನೋಡೋರ ಕಣ್ಣಾಗ ಇರ್ತಿತ್ತು." ನನ್ನ ತಲೆಯ ಮೇಲಿರುವುದೂ ಅದೇ ಕೂದಲು. ಅಂದು ನನಗೆ ಬಹಳ ಸಿಟ್ಟು ಬಂತು.

ನಿಮ್ಮ ಕಾದಂಬರಿಯ ವಕೀಲರು ಒಳ್ಳೆಯವರು. ಪುಟಗಟ್ಟಲೆ ಮಾತಾಡುತ್ತಾರೆ, ಕೇಳಿ ನಮ್ಮವರು ಕಣ್ಣೊರೆಸಿಕೊಂಡರು. ಆದರೆ ಇನಾಸ್ ಇಡೀ ಪುಸ್ತಕದಲ್ಲಿ ಬಾಯಿಯೇ ಬಿಡುವುದಿಲ್ಲ. ದಿಮ್ಮಿ ಕಳುವಾದ ಹೊತ್ತಿಗೆ ಅವನೆಲ್ಲಿದ್ದ? ಮನೆಯಲ್ಲಿ ಯಾರು ಕಾಯುತ್ತಿದ್ದರು? ತಿಳಿಯುವ ಆಸೆಯಿಂದ ಪುಸ್ತಕವನ್ನು ಮತ್ತೆ ಮತ್ತೆ ತಿರುವಿಹಾಕಿದೆ. ನಾನು ಕಟ್ಟೆಯ ಮೇಲೆ ಕಂಬದ ಹಾಗೆ ನಿಂತು ಸುಮ್ಮನೆ ಇಳಿದು ಬಂದೆ. ಮುಂದಿನ ವಾಯಿದೆಗೂ ಮಾತು ಸಿಗದಿದ್ದರೆ ಮೊಕದ್ದಮೆ ಮುಚ್ಚುತ್ತಾರೆ, ಮತ್ತೆ ತೆರೆಯುವ ಕ್ರಮವಿಲ್ಲ. ಇನಾಸ್ ಕಳ್ಳನಾಗಿಯೇ ಉಳಿಯುತ್ತಾನೆ.

ಈ ಕಾಗದ ಮುಟ್ಟುವಾಗ ನೀವು ಕೋರ್ಟಿನ ಅಧ್ಯಾಯ ಬರೆಯುತ್ತಿರುತ್ತೀರಿ. ಅಲ್ಲೊಂದು ಕಡೆ ಇನಾಸ್ ಎದ್ದು ನಿಲ್ಲುತ್ತಾನೆ. ವಕೀಲರು ಅವನ ಹೆಗಲ ಮೇಲೆ ಕೈಯಿಟ್ಟು, "ನೀ ಸುಮ್ನ ಕೂಡ, ನಾ ಹೇಳ್ತೇನಿ" ಎಂದು ಕೂರಿಸುತ್ತಾರೆ. ದಯವಿಟ್ಟು ಅವನನ್ನು ಕೂರಿಸಬೇಡಿ. ಅವನು ಏನೇ ಹೇಳಲಿ, ಬೈಗುಳವೇ ಆಗಲಿ, ಹಾಗೇ ಬರೆದುಬಿಡಿ. ನಾನಿಲ್ಲಿ ಎದ್ದು ನಿಂತಿದ್ದೇನೆ.

ನತಾಲಿ ಸಿದ್ದಿ
ಹಳಿಯಾಳ ಮರುಕಟ್ಟೆಯ ದನಿಗಾರ್ತಿ