ಕರಿ ಮೇಜಿನ ಮೇಲಿನ ಬಿಳಿ ಮಾತ್ರೆ

ಗುಂಡಾ,

ನಾನು ಕೆಲಸಕ್ಕೆ ಹೊರಟೆ. ಅಮ್ಮ ಇನ್ನೂ ಹಾಸಿಗೆ ಬಿಟ್ಟಿಲ್ಲ. ನಿನ್ನೆ ಮೇಜಿನ ಮೇಲೆ ಮಾತ್ರೆ ಸಿಗದೆ ತಡಕಾಡಿ, "ಮುಗೀತು ಬಿಡೇ, ಇದ್ದ ಚೂರು ಕಣ್ಣೂ ಹೋಯ್ತು" ಅಂತ ಮಲಗಿದವಳು ಊಟಕ್ಕೂ ಏಳಲಿಲ್ಲ.

ಹೋಗಿದ್ದು ಕಣ್ಣಲ್ಲ, ಮೇಜು. ಬಿಳಿ ಮಾತ್ರೆ ಅವಳಿಗೆ ಎದ್ದು ಕಾಣಲಿ ಅಂತಲೇ ಅಲ್ಲವೇನೋ ಕರಿ ಲ್ಯಾಮಿನೇಟ್ ಹಾಕಿಸಿದ್ದು? ಎಣ್ಣೆ ಕಲೆ ತೆಗೀತೀನಿ ಅಂತ ನೀನು ಪಾತ್ರೆ ಉಜ್ಜುವ ತಂತಿ ನಾರಿನಿಂದ ತಿಕ್ಕಿ, ಅವಳು ಕೂರುವ ಜಾಗವನ್ನೇ ಬೂದಿ ಬಣ್ಣ ಮಾಡಿಟ್ಟೆ. ಒದ್ದೆ ಮೆತ್ತನೆ ಬಟ್ಟೆ, ಆಮೇಲೆ ಒಣ ಬಟ್ಟೆ, ಅಷ್ಟೇ ಅಂತ ಎಷ್ಟು ಸಲ ಬಡಕೊಂಡಿದ್ದೆ!

ಹತ್ತು ಗಂಟೆಗೆ ಬಡಗಿ ಹೊಸ ಲ್ಯಾಮಿನೇಟಿನ ಮಾದರಿ ತುಂಡುಗಳನ್ನು ತರುತ್ತಾನೆ. ಹೊಳೆಯುವುದು ಬೇಡ, ಕಿಟಕಿಯ ಬೆಳಕು ಬಿದ್ದರೆ ಅದೂ ಅವಳಿಗೆ ಮಾತ್ರೆಯಂತೆ ಕಾಣುತ್ತದೆ. ಮರದ ಗೆರೆ ಇರುವುದೂ ಬೇಡ. ನಿನ್ನ ಕಣ್ಣಿಗೆ ಚೆಂದ ಕಂಡದ್ದಂತೂ ಬೇಡವೇ ಬೇಡ. ಪ್ರತಿ ತುಂಡಿನ ಮೇಲೂ ಒಂದೊಂದು ಮಾತ್ರೆ ಇಟ್ಟು ಅಮ್ಮನನ್ನು ಕೂರಿಸು. ಅವಳ ಕೈ ತಡವರಿಸದೆ ಯಾವುದಕ್ಕೆ ಹೋಗುತ್ತದೋ ಅದನ್ನೇ ಆರಿಸು.

ಆದರೆ ಅದಕ್ಕೆ ಅವಳು ಏಳಬೇಕಲ್ಲ. ಕೆಟ್ಟಿದ್ದು ಮೇಜು, ನಿನ್ನ ಕಣ್ಣಲ್ಲ ಅಂತ ನಾನು ಹೇಳಿ ಹೇಳಿ ಸೋತೆ. "ನನ್ನ ಸಮಾಧಾನಕ್ಕೆ ಹೇಳ್ತೀಯ" ಅನ್ನುತ್ತಾಳೆ. ಮೇಜು ಕೆಡಿಸಿದ್ದು ನಾನೇ ಅಂತ ನೀನೇ ಬಾಯಿಬಿಟ್ಟು ಹೇಳು. ಜನ್ಮದಲ್ಲಿ ತಪ್ಪು ಒಪ್ಪಿಕೊಂಡವನಲ್ಲ ನೀನು. ಅದಕ್ಕೇ ನೀನು ಹೇಳಿದರೆ ನಂಬುತ್ತಾಳೆ. ಬೈಯುತ್ತಾಳೆ. ದಮ್ಮಯ್ಯ ಕಣೋ, ಬೈಸಿಕೋ. ಬೈಯುವುದಕ್ಕಾದರೂ ಎದ್ದು ಕೂರುತ್ತಾಳೆ.

ಅಕ್ಕ