ಅಪ್ಪ ಬಿಚ್ಚಿ ಜೋಡಿಸಿದ ಕಂಪ್ಯೂಟರ್

ಮಾರ್ಚ್ ೧೫, ಭಾನುವಾರ

ನನ್ನ ಗುಬ್ಬಿಗೆ,

ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ಸೇತುವೆ ಕಟ್ಟುವ ಜಾಗದಲ್ಲಿ ಫೋನ್ ಸಿಗುವುದಿಲ್ಲ, ಕಾಗದ ಬರೆಯಿರಿ ಎಂದು ನೀನು ಹೇಳಿಹೋಗಿ ಎರಡು ತಿಂಗಳಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ಮೂರು ಸಲ ಬರೆದೆ. ಮೂರು ಸಲವೂ ನಮ್ಮ ಕಂಪ್ಯೂಟರ್ ಅರ್ಧಕ್ಕೇ ನಿಂತು ಕಾಗದವನ್ನು ನುಂಗಿಹಾಕಿತು. ಇದು ನಾಲ್ಕನೆಯದು.

ಕಣ್ಣು ಪೂರ್ತಿ ಹೋದ ಮೇಲೆ ನನ್ನ ಓದು ಬರಹವೆಲ್ಲ ಅದರ ದನಿಯಿಂದಲೇ ಎಂದು ನಿನಗೆ ಗೊತ್ತಲ್ಲ. ನಾನು ಒತ್ತಿದ ಅಕ್ಷರವನ್ನು ಅದು ಹೇಳಬೇಕು. ಈಚೆಗಂತೂ 'ಕ' ಒತ್ತಿ, ಎದ್ದು ಹೋಗಿ ನೀರು ಕುಡಿದು ಬಂದು ಕೂತ ಮೇಲೆ 'ಕ' ಅನ್ನುತ್ತಿತ್ತು. ಹೊಲಿಗೆ ಯಂತ್ರ ರಿಪೇರಿಯ ನನ್ನ ಪುಸ್ತಕ ಇನ್ನೂರು ಪುಟ ದಾಟಿತ್ತು. ಕಲಿಯುವವರ ಹೊಸ ತಂಡ ಸೇರುವುದರೊಳಗೆ ಬೇಕು ಎಂದು ರಿಪೇರಿ ಕಲಿಸುವ ತರಬೇತಿ ಕೇಂದ್ರದ ಮೇಡಂ ಎರಡು ಸಲ ಹೇಳಿಕಳಿಸಿದ್ದರು. ಮೂವತ್ತೊಂದು ವರ್ಷ ಕಲಿತದ್ದೆಲ್ಲ ಆ ಡಬ್ಬದೊಳಗೆ ಸಿಕ್ಕಿಕೊಂಡು ಕೂತಿತ್ತು.

ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದೆ. "ಹನ್ನೊಂದು ವರ್ಷದ ಮುದುಕ ಸಾರ್ ಇದು. ಎಸೆದು ಹೊಸದು ತಗೊಳ್ಳಿ," ಅಂದ. ನಿನ್ನ ಅಮ್ಮನೂ, "ಎಷ್ಟು ದಿನ ಅಂತ ಇದರ ಜೊತೆ ಗುದ್ದಾಡ್ತೀರಿ?" ಅಂದಳು. ಒಂದು ದಿನವೆಲ್ಲ ನನಗೂ ಹಾಗೇ ಅನ್ನಿಸಿತು. ಆದರೆ ಹೊಸದು ಬಂದರೆ ಓದಿ ಹೇಳುವ ದನಿಯೂ ಹೊಸದು, ಒತ್ತುವ ರೀತಿಯೂ ಹೊಸದು. ಎಲ್ಲವನ್ನೂ ಮೊದಲಿನಿಂದ ಕಲಿಯುವ ತನಕ ಪುಸ್ತಕ ಕಾಯುವುದಿಲ್ಲ.

ಮಾರನೇ ದಿನ ಅಂಗಡಿಯವನನ್ನು ಮತ್ತೆ ಕರೆಸಿ ಕೇಳಿದೆ. "ಯಾರಾದ್ರೂ ಹಳೇ ಹೊಲಿಗೆ ಮಿಷನ್ ತಂದ್ರೆ ಎಲ್ಲಿ ಸವೆದಿದೆ ಅಂತ ಮೊದಲು ನೋಡ್ತಿದ್ದೆ. ಇದರಲ್ಲಿ ಸವೆದಿರೋದು ಏನಪ್ಪ?"

ಅವನು ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ, "ಹಾರ್ಡ್ ಡಿಸ್ಕ್ ಸುಸ್ತಾಗಿದೆ. ಮೆಮೊರಿ ಸಾಲಲ್ಲ. ಫ್ಯಾನ್ ತುಂಬ ಧೂಳು. ಮಿಕ್ಕಿದ್ದು ಗಟ್ಟಿಯಾಗೇ ಇದೆ ಸಾರ್," ಅಂದ.

"ಹಾಗಾದ್ರೆ ಅವೆರಡನ್ನ ಬದಲಾಯಿಸೋಣ. ಫ್ಯಾನ್ ಒರೆಸೋಣ."

"ಏನೇ ಮಾಡಿದ್ರೂ ಇನ್ನು ಮೂರು ನಾಲ್ಕು ವರ್ಷ ಅಷ್ಟೇ."

"ನನ್ನ ಪುಸ್ತಕಕ್ಕೆ ಮೂರು ವಾರ ಸಾಕು."

ಅವನು ನನ್ನ ಕಡತಗಳನ್ನೆಲ್ಲ, ಓದಿ ಹೇಳುವ ದನಿಯ ಸಮೇತ, ಹೊಸ ಡಿಸ್ಕಿಗೆ ಇಳಿಸಿಕೊಂಡು, ಹೊಸ ಮೆಮೊರಿ ಪಟ್ಟಿಯನ್ನೂ ಹಿಡಿದು ಬಂದ. ಜೋಡಿಸುವುದು ನಾನೇ ಎಂದೆ. "ನೀವಾ?" ಎಂದು ತಡವರಿಸಿ, "ಸೂಕ್ಷ್ಮ ಕೆಲಸ ಸಾರ್, ಬೇಡ," ಅಂದ. ಎದೆಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ನಾನು ಬಾಯಿ ತೆರೆಯುವುದರೊಳಗೆ ನಿನ್ನ ಅಮ್ಮ ಅಡುಗೆಮನೆಯಿಂದ ಬಂದಳು. "ಆ ಕೈ ಎಷ್ಟು ಸಾವಿರ ಮಿಷನ್ ಬಿಚ್ಚಿದೆ ಗೊತ್ತಾ ನಿಮಗೆ? ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ!" ಮೊದಲು ಎಸೆಯಿರಿ ಎಂಬ ಅವನ ಮಾತಿಗೆ ದನಿಗೂಡಿಸಿದವಳೂ ಇವಳೇ!

ತಂತಿ ಕಿತ್ತು, ತಿರುಪುಗಳನ್ನು ಬಟ್ಟಲಿಗೆ ಹಾಕಿಕೊಂಡೆ. ಮೆಮೊರಿ ಪಟ್ಟಿಯ ಅಂಚಿನಲ್ಲಿ, ನಡುವಿಗಿಂತ ತುಸು ಆಚೆಗೆ, ಒಂದು ಕಚ್ಚು ಇದೆ. ಅದು ಕೂರುವ ಸಂದಿನಲ್ಲೂ ಅಲ್ಲೇ ಒಂದು ಉಬ್ಬು. ಬೆರಳಿಗೆ ಎರಡೂ ಸಿಕ್ಕವು. ಎರಡು ಹೆಬ್ಬೆರಳಲ್ಲಿ ಒತ್ತಿದೆ, ಟಕ್, ಟಕ್. ಡಿಸ್ಕಿನ ತಂತಿ ಯಾವ ಕಡೆಯಿಂದ ಕೂರುತ್ತದೆ ಎಂದು ಉಗುರಿನಿಂದಲೇ ಹಿಡಿದೆ. ಮುಕ್ಕಾಲು ಗಂಟೆ. ಒಂದು ತಿರುಪೂ ಮಿಗಲಿಲ್ಲ, ಕೇಳಿದೆಯಾ!

ಗುಂಡಿ ಒತ್ತಿದೆ. ನಿನ್ನ ಅಮ್ಮ "ಬಂತಾ?" ಎಂದು ಕೇಳಿ ಮುಗಿಸುವುದರೊಳಗೆ ದನಿ ಮಾತಾಡಿತು. ಅಂಗಡಿಯವನು ನನ್ನ ಕೈ ಹಿಡಿದುಕೊಂಡು, "ನಾನು ಲೈಟ್ ಹಾಕ್ಕೊಂಡೂ ಎರಡು ಸಲ ತಪ್ಪು ಮಾಡ್ತೀನಿ ಸಾರ್," ಅಂದ.

ಪುಸ್ತಕ ಹೋದ ವಾರ ಮುಗಿಯಿತು. ಮೇಡಂ ಓದಿ, ವಾರಕ್ಕೆ ಎರಡು ದಿನ ಪಾಠಕ್ಕೆ ಬನ್ನಿ ಎಂದಿದ್ದಾರೆ. ಒಪ್ಪಿಕೊಂಡೆ. ನಿನ್ನ ಅಮ್ಮ ಬೀದಿಗೆಲ್ಲ ಸಾರಿದ್ದಾಳೆ. ಸುಮ್ಮನಿರೇ ಎಂದು ಗದರಿಸುತ್ತೇನೆ. ಆದರೆ ಅವಳು ಹೇಳುವಾಗ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ನಿಲ್ಲಿಸುವ ಕಂಬಗಳು ನೂರು ವರ್ಷ ಅಲುಗದಿರಲಿ, ನೀನೂ ಅಷ್ಟೇ ಗಟ್ಟಿಯಾಗಿ ಬಾಳು, ಕಂದಾ.

ಇಂತಿ,
ನಿನ್ನ ಅಪ್ಪ

ತಾ.ಕ.: ಇದನ್ನು ಅಮ್ಮನಿಗೆ ಹೇಳಿಲ್ಲ, ಲಕೋಟೆ ನಾನೇ ಅಂಟಿಸುತ್ತೇನೆ. ಪುಸ್ತಕ ಕಳಿಸಿದ ಮೇಲೆ ನಿನ್ನ ಫೋಟೊ ಒಂದನ್ನು ತೆರೆದೆ. 'ಮಗಳು, ಕೆಲಸದ ಮೊದಲ ದಿನ' ಎಂದು ಹೆಸರು ಓದಿ ದನಿ ಸುಮ್ಮನಾಯಿತು. ನಿನ್ನ ಮುಖ ನೆನಪಿಸಿಕೊಳ್ಳಲು ನೋಡಿದೆ. ಎರಡು ಜಡೆಯ, ಮುಂದಿನ ಹಲ್ಲು ಬಿದ್ದ ಹುಡುಗಿ ಬಂದಳು. ಈಗಿನ ನೀನು ಬರಲಿಲ್ಲ. ಎಷ್ಟು ಹೊತ್ತು ಕೂತರೂ ಬರಲಿಲ್ಲ, ಗುಬ್ಬಿ. ರಜೆಗೆ ಬಂದಾಗ ಮಾತೆಲ್ಲ ಆಮೇಲೆ. ಮೊದಲು ಸ್ವಲ್ಪ ಹೊತ್ತು ನನ್ನೆದುರು, ನಿನ್ನ ಮುಖ ನನ್ನ ಬೆರಳಿಗೆ ಸಿಗುವಷ್ಟು ಹತ್ತಿರ ಕೂತುಕೋ. ಕೈ ತೊಳೆದುಕೊಂಡಿರುತ್ತೇನೆ.