ನಲವತ್ತಾರು ಸೀರೆ ಅಂಚುಗಳ ಸೆರೆ

ಬೆಟಗೇರಿ
೨೧೭೧, ಬಿಡುತಿಂಗಳ ಮೂವತ್ತೆರಡು

ಚಂಪಜ್ಜಿಗೆ ನಮಸ್ಕಾರ.

ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ವರ್ಷದಲ್ಲಿ ಉಳಿದ ದಿನಗಳನ್ನೆಲ್ಲ ಗುಡ್ಡೆಹಾಕಿ ನಾವು ಹದಿಮೂರನೆಯದೊಂದು ತಿಂಗಳು ಮಾಡಿಕೊಂಡಿದ್ದೇವೆ, ಅದೇ ಬಿಡುತಿಂಗಳು. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸು. ನಾನು ಇಂಪವ್ವ, ನಿನಗಿಂತ ಐದು ತಲೆಮಾರು ಈಚಿನವಳು. ನನಗೀಗ ಅರವತ್ತೊಂದು, ಇದನ್ನು ಓದುವ ನಿನಗೆ ಮೂವತ್ತೆಂಟು. ಆದರೂ ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ.

ನಮ್ಮ ಕಾಲದಲ್ಲಿ ಪ್ರತಿ ಮನೆಗೂ ಒಂದು ಮನೆಗಾವಲು ಇರುತ್ತದೆ. ನಿಮ್ಮ ಕಂಪ್ಯೂಟರಿನ ಆಂಟಿವೈರಸ್ಸಿನ ಮರಿಮಗಳು ಅನ್ನು. ಅದನ್ನು ಆರಿಸುವುದು ನಮ್ಮಲ್ಲಿ ಹೆಣ್ಣು ನೋಡಿದಷ್ಟೇ ದೊಡ್ಡ ಕೆಲಸ. ಓಣಿಯವರನ್ನೆಲ್ಲ ಕರೆದು, ಅವಲಕ್ಕಿ ಕೊಟ್ಟು, ಕಾವಲನ್ನು ನಡುಮನೆಯಲ್ಲಿ ಕೂರಿಸುತ್ತೇವೆ. ಕಳ್ಳರನ್ನು ಹಿಡಿಯುತ್ತೀಯಾ ಎಂದು ಯಾರೂ ಕೇಳುವುದಿಲ್ಲ, ಹಿಡಿಯುತ್ತೇನೆ ಎಂದೇ ಎಲ್ಲವೂ ಹೇಳುತ್ತವೆ. ಮನೆಯ ಅತ್ಯಂತ ಹಳೆಯ, ಯಾರಿಗೂ ಅರ್ಥವಾಗದ ಸಾಮಾನೊಂದನ್ನು ಅದರ ಮುಂದಿಟ್ಟು ಸುಮ್ಮನಾಗುತ್ತೇವೆ. ಮನೆಯ ವಸ್ತುವನ್ನೇ ಕಳ್ಳಮಾಲು ಎಂದಿತೋ, ಅದನ್ನು ಬಂದ ದಾರಿಗೇ ಕಳಿಸುತ್ತೇವೆ. ಒಳಗೆ ಬಂದ ಕಾವಲು ಸಹ ದಿನವೂ ಊಟದ ಹೊತ್ತಿಗೆ ಅಂದು ಏನನ್ನು ತಡೆಯಿತು, ಯಾಕೆ ತಡೆಯಿತು ಎಂದು ನಮ್ಮ ಮಾತಿನಲ್ಲೇ ಒಪ್ಪಿಸಬೇಕು. ಇದಕ್ಕೆ ಒಪ್ಪಿಸು ಹೊತ್ತು ಎನ್ನುತ್ತೇವೆ. ಅದು ಮುಗಿಯುವ ತನಕ ಯಾರೂ ಕೈ ತೊಳೆಯಲು ಏಳುವಂತಿಲ್ಲ. ಮಕ್ಕಳು ಗೊಣಗುತ್ತವೆ, ನಾನೂ ಗೊಣಗುತ್ತಿದ್ದೆ.

ಮೊನ್ನೆ ಹೊಸ ಕಾವಲನ್ನು ನೋಡುವ ದಿನ ಅಟ್ಟದ ಟ್ರಂಕಿನಿಂದ ನಿನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತೆಗೆದು ಮುಂದಿಟ್ಟೆವು. ಇದರೊಳಗೆ ಒಬ್ಬರಲ್ಲ, ಮೂವರು ಕಾವಲುಗಾರರಿದ್ದಾರೆ ಎಂದಿತು ಅದು. ಓಣಿಗೆ ಓಣಿಯೇ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಏನು ಮಾಡಿಕೊಂಡೆ ಅಜ್ಜಿ! ಕಂಪ್ಯೂಟರಿನ ಜೊತೆ ಬಂದದ್ದು ಒಂದು, ಪುಕ್ಕಟೆ ಸಿಕ್ಕಿತೆಂದು ಹಾಕಿಕೊಂಡದ್ದು ಒಂದು, ಅವೆರಡೂ ಸಾಲವು ಎಂದು ಇನ್ನೊಂದು. ಬಾಗಿಲಿಗೆ ಮೂರು ಚಿಲಕ ಹಾಕಿದಂತೆ ಎಂದುಕೊಂಡಿದ್ದೆಯೇನೋ. ಅವು ಒಂದನ್ನೊಂದು ಅನುಮಾನಿಸುತ್ತ, ಜಗಳಾಡುತ್ತ ಕೂತಿದ್ದವು. ಮೂರನೆಯದು ಒಳಗೆ ಬಂದದ್ದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಹನ್ನೊಂದೂವರೆಗೆ ಅದು ನಲವತ್ತಾರು ಕಡತಗಳನ್ನು ಎಳೆದೊಯ್ದು ಕತ್ತಲಕೋಣೆಗೆ ತಳ್ಳಿ ಬೀಗ ಹಾಕಿತು. ನೀವು ಅದನ್ನು ಕ್ವಾರಂಟೈನ್ ಎನ್ನುತ್ತಿದ್ದಿರಂತೆ.

ಹೊಸ ಕಾವಲು ಆ ನಲವತ್ತಾರರ ಹೆಸರು ಓದತೊಡಗಿತು. ಹೂಬಳ್ಳಿ ಅಂಚು. ರುದ್ರಾಕ್ಷಿ ಅಂಚು. ನವಿಲುಗಾಲಿನ ಅಂಚು. ಅವು ನಿನ್ನ ಅಪ್ಪ ಗ್ರಾಫ್ ಹಾಳೆಯಲ್ಲಿ ಬರೆದ ಸೀರೆ ಅಂಚುಗಳು, ಗೆದ್ದಲು ಹತ್ತುವ ಮೊದಲು ನೀನು ಕಂಪ್ಯೂಟರಿಗೆ ಏರಿಸಿದ್ದವು. ನೇಕಾರರಿಗಾಗಿ ಇಲ್ಲಿಯವರೇ ಯಾರೋ ಮಾಡಿದ ಸಣ್ಣ ತಂತ್ರಾಂಶದಲ್ಲಿದ್ದ ಆ ಕಡತಗಳ ಗುರುತು ದೂರದೂರಿನ ಕಾವಲಿಗೆ ಎಲ್ಲಿಂದ ಸಿಗಬೇಕು? ಗುರುತಿಲ್ಲದ್ದೆಲ್ಲ ಅದಕ್ಕೆ ವೈರಸ್ಸೇ. ಹಾಗೆಂದು ಅದು ನಿನಗೆ ಹೇಳಿಯೂ ಇತ್ತು, ಪರದೆಯ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ, ಕೆಂಪು ಪೆಟ್ಟಿಗೆಯೊಳಗೆ. ನೀನು ಕತ್ತರಿ ಗುರುತು ಒತ್ತಿ ಮುಚ್ಚಿದೆ. ಮೂರು ಕಾವಲುಗಳು ಸೇರಿ ದಿನಕ್ಕೆ ಇಪ್ಪತ್ತು ಸಲ ಹೆದರಿಸಿದರೆ ಯಾರಾದರೂ ಮುಚ್ಚುತ್ತಾರೆ, ಅದಕ್ಕೆ ನಾನು ಬೈಯುವುದಿಲ್ಲ.

ಮುಂದಿನದ್ದನ್ನು ಮಾತ್ರ ಮರೆಯಲಾಗುವುದಿಲ್ಲ. ಆ ಮೂರನೆಯ ಕಾವಲನ್ನು ಪೆನ್ ಡ್ರೈವಿನಲ್ಲಿ ತಂದು ಹಾಕಿಕೊಟ್ಟವನು ನಿನ್ನ ತಮ್ಮ ಶಿವಶಾಂತ. ಅವನು ಅದೇ ತಾನೇ ಅದೇ ಓಣಿಯಲ್ಲಿ ಬೇರೆ ಮಗ್ಗ ಹೂಡಿದ್ದ. ಅವನು ಬಂದು ಹೋದ ಮೇಲೆ ಅಂಚುಗಳು ಕಾಣಲಿಲ್ಲ. ತನ್ನ ಮಗ್ಗಕ್ಕೆಂದು ಎಲ್ಲ ನಕಲು ಮಾಡಿಕೊಂಡು ನಿನ್ನವನ್ನು ಅಳಿಸಿಹೋದ ಎಂದು ನೀನು ನಂಬಿದೆ. ಶುಕ್ರವಾರ ಅವನ ಮಗಳ ನಾಮಕರಣ. ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ನೀನು ತೊಟ್ಟಿಲ ಮುಂದೆ, ಬಂಧುಬಳಗದ ಎದುರಿಗೆ, ಅವನನ್ನು ಕಳ್ಳ ಎಂದು ಕರೆದು ಹೊರಟುಬಂದೆ. ಅಂದಿನಿಂದ ಎರಡು ಮನೆಗಳ ನಡುವೆ ನೀರು ಬೆಂಕಿ ಇಲ್ಲ. ನೂರೈವತ್ತು ವರ್ಷ, ಅಜ್ಜಿ! ಒಂದೇ ಓಣಿಯಲ್ಲಿ!

ಇವತ್ತು ಬೆಳಿಗ್ಗೆ ನಾನು ಆ ಮನೆಯ ಹೊಸಿಲು ದಾಟಿದೆ. ಅಲ್ಲಿ ಉಳಿದಿರುವವರು ಕೊಟ್ರಪ್ಪ ಒಬ್ಬರೇ. ತೊಂಬತ್ತೊಂದು ವರ್ಷ, ಅಂದು ತೊಟ್ಟಿಲಲ್ಲಿದ್ದ ಮಗುವಿನ ಮೊಮ್ಮಗ. ನಡೆದದ್ದನ್ನೆಲ್ಲ ಹೇಳಿ, ಹೊಸ ಕಾವಲು ಬೀಗ ತೆಗೆದು ಬಿಡಿಸಿಕೊಟ್ಟ ನಲವತ್ತಾರು ಅಂಚುಗಳನ್ನೂ ಅವರ ಗೋಡೆಯ ಮೇಲೆ ತೋರಿಸಿದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ.

“ಅಕ್ಕನ ಕಂಪ್ಯೂಟರಿಗೆ ಔಷಧ ಹಾಕಾಕ ಹೋಗಿದ್ನವ್ವ ಅಂವ,” ಎಂದರು. “ನಮ್ಮಜ್ಜಿ ಸಾಯೂತನಕ ಅದನ್ನ ಹೇಳಿದ್ಲು. ಯಾರೂ ನಂಬಲಿಲ್ಲ. ಕಡೀಕ ನಾನೂ ನಂಬಲಿಲ್ಲ.”

ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು: “ಹಂಗಾರ ನಾವು ಕಳ್ಳರ ಮನಿಯವರಲ್ಲೇನವ್ವ?”

ನನಗೆ ಅಳು ತಡೆಯಲಾಗಲಿಲ್ಲ. ಮನೆಗೆ ಬಂದವಳೇ ಈ ಪತ್ರ ಬರೆಯಲು ಕೂತೆ. ಇದು ನಿನಗೆ ಗುರುವಾರವೇ ತಲುಪಲಿ ಎಂಬ ಹುಚ್ಚು ಆಸೆ ನನ್ನದು. ತಲುಪಿದರೆ, ಮೂರನೆಯ ಕಾವಲನ್ನು ತೆರೆದು ಅದು ಹಿಡಿದಿಟ್ಟವುಗಳ ಪಟ್ಟಿ ನೋಡು. ಮರಳಿಸು ಎಂಬ ಗುಂಡಿ ಅಲ್ಲೇ ಇದೆ. ಇಂಗ್ಲಿಷು ಗೊಂದಲವಾದರೆ, ಗುಂಡಿ ಸಿಗದಿದ್ದರೆ, ಅಂಚುಗಳು ಹಾಳಾಗಿಹೋಗಲಿ ಬಿಡು. ಇನ್ನೊಮ್ಮೆ ಬರೆದರಾಯಿತು. ಶುಕ್ರವಾರ ಮಾತ್ರ ಬಾಯಿ ಬಿಗಿಹಿಡಿದು ತೊಟ್ಟಿಲ ಹತ್ತಿರ ಬಾಗು, ಹೆಸರಿಡುವ ಸೋದರತ್ತೆಗೆ ಶಾಸ್ತ್ರಕ್ಕೆಂದು ಬೀಳುವ ಗುದ್ದನ್ನು ಎಲ್ಲರ ಕೈಯಿಂದ ಬೆನ್ನಿಗೆ ತಿನ್ನು, ಆ ಕೂಸಿನ ಕಿವಿಯಲ್ಲಿ ಅದರ ಹೆಸರು ಹೇಳು.